ಆಸ್ಟ್ರಿಯಾದ ಹಳೆಯ ಜೋಡುನಳಿಗೆ ಕೋವಿಯನ್ನು ಗುರುತಿಸುವುದು, ಬೆಲೆ ಕಟ್ಟುವುದು ಹೇಗೆ?

ಅಕ್ಕಪಕ್ಕದಲ್ಲಿ ಎರಡು ನಳಿಗೆ. ಹೊರಗೇ ಎದ್ದು ಕಾಣುವ ಎರಡು ಕುದುರೆ, ಅಂದರೆ ಹ್ಯಾಮರ್. ಪಕ್ಕದ ತಟ್ಟೆಯ ಮೇಲೆ ಓಕ್ ಎಲೆಗಳ ನಡುವೆ ಕೆತ್ತಿದ ಸಾರಗ, ಮರದ ಹಿಡಿಯ ಎಡಬದಿಯಲ್ಲಿ ಕೆನ್ನೆ ಊರಲು ಒಂದು ಉಬ್ಬು, ಹೆಗಲಿಗೆ ಪಟ್ಟಿ ಹಾಕಿಕೊಳ್ಳಲು ಕೊಂಡಿಗಳು. ಇಷ್ಟು ಲಕ್ಷಣ ಇರುವ ಕೋವಿ ಇಂಗ್ಲೆಂಡಿನದಲ್ಲ, ಮಧ್ಯ ಯುರೋಪಿನದು ಎಂದು ದೂರದಿಂದಲೇ ಊಹಿಸಬಹುದು. ಮುಂದೆ ಎಲ್ಲರ ಕಣ್ಣೂ ಹೋಗುವುದು ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಕೊರೆದ ಹೆಸರಿನ ಕಡೆಗೆ. ಮಾರುವವರು ತೋರಿಸುವುದೂ ಅದನ್ನೇ. ಆ ಹೆಸರು ಕೋವಿ ಮಾಡಿದವರದಾಗಿರಬಹುದು, ಬರೀ ಮಾರಿದ ಅಂಗಡಿಯದೂ ಆಗಿರಬಹುದು. ಕೋವಿ ಎಲ್ಲಿ ಹುಟ್ಟಿತು, ಯಾವಾಗ, ಯಾವ ಮದ್ದಿಗೆ ತಾಳುತ್ತದೆ ಎಂಬುದೆಲ್ಲ ಬರೆದಿರುವುದು ನಳಿಗೆಯ ಅಡಿಯಲ್ಲಿ. ಬೆಲೆ ನಿಲ್ಲುವುದು ನಳಿಗೆಯಲ್ಲಿ ಇನ್ನೂ ಎಷ್ಟು ಒಳ್ಳೆಯ ಲೋಹ ಉಳಿದಿದೆ ಎಂಬುದರ ಮೇಲೆ. ಕೋವಿಯನ್ನು ಆ ಕ್ರಮದಲ್ಲೇ ನೋಡೋಣ.

ಮುಟ್ಟುವ ಮೊದಲು

ಖಾಲಿ ಇದೆ ಎಂದು ಯಾರು ಹೇಳಿದರೂ ನಂಬಬೇಡಿ. ತೆರೆದು, ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಎರಡೂ ಕೋಣೆಗಳನ್ನು ಕಣ್ಣಿನಿಂದ ನೋಡಿ, ಬೆರಳು ಹಾಕಿಯೂ ನೋಡಿ. ನಳಿಗೆಯೊಳಗೆ ಬೆಳಕು ಹಾಯುತ್ತದೆಯೇ ಎಂದು ಪರೀಕ್ಷಿಸಿ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಕೋವಿಯೊಳಗೆ ಬಟ್ಟೆಯ ಚೂರು, ಕಣಜದ ಮಣ್ಣಿನ ಗೂಡು ಸಿಕ್ಕುವುದುಂಟು. ತೆರೆಯುವಾಗಲೂ ಎಚ್ಚರ ಬೇಕು. ತೀರ ಹಳೆಯ ವಿನ್ಯಾಸಗಳಲ್ಲಿ ಕುದುರೆ ಕೆಳಗಿದ್ದಾಗ ಅದು ತೋಟೆಗೆ ಪೆಟ್ಟು ಕೊಡುವ ಸೂಜಿಯನ್ನು ಮುಂದಕ್ಕೆ ಒತ್ತಿ ಹಿಡಿದಿರುತ್ತದೆ. ಅಂಥ ಕೋವಿಯಲ್ಲಿ ಕುದುರೆಗಳನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿಯೇ ತೆರೆಯಬೇಕು. ಹಾಗೆ ಮಾಡದೆ ಬಲವಂತ ಮಾಡಿದರೆ ಸೂಜಿ ಬಾಗುತ್ತದೆ, ಇಲ್ಲವೇ ಮುರಿಯುತ್ತದೆ. ಖಾಲಿ ಕೋವಿಯ ಟ್ರಿಗರ್ ಎಳೆದು ಕುದುರೆ ಬಡಿಸಿ ನೋಡುವ ಚಪಲವೂ ಬೇಡ. ಬಡಿಸಲೇಬೇಕಿದ್ದರೆ ಸ್ನ್ಯಾಪ್ ಕ್ಯಾಪ್, ಅಂದರೆ ಪೆಟ್ಟು ತಾಳುವ ಹುಸಿ ತೋಟೆ ಹಾಕಿ.

ಕಾನೂನಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ: ನೂರು ವರ್ಷ ದಾಟಿದ ಕೋವಿಗೆ ಪರವಾನಗಿ ಬೇಡ ಎಂಬುದು. ಭಾರತದಲ್ಲಿ ಅದು ಸರಿಯಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಹಳೆಯ ಮಾದರಿಯ, ಪುರಾತನ ಮೌಲ್ಯದ ಆಯುಧಗಳಿಗೆ ವಿನಾಯಿತಿ ಕೊಡುವುದು ನಿಜ. ಆದರೆ ರಿಪೇರಿ ಮಾಡಿದರೂ, ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದಂತಿದ್ದರೆ ಮಾತ್ರ. ತೋಟೆ ಹಾಕುವ ಜೋಡುನಳಿಗೆ ಕೋವಿ ಸ್ವಲ್ಪ ಕೆಲಸ ಮಾಡಿದರೆ ಹಾರುವಂಥದ್ದು, ಹಾಗಾಗಿ ಆ ವಿನಾಯಿತಿಯೊಳಗೆ ಬರುವುದಿಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಮನೆಯ ಹಿರಿಯರು ತೀರಿಕೊಂಡು ಕೋವಿ ಉಳಿದಿದ್ದರೆ ಅದನ್ನು ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಡೀಲರ್ ಬಳಿ ಠೇವಣಿ ಇಟ್ಟು, ಆಮೇಲೆ ವಾರಸುದಾರರ ಹೆಸರಿಗೆ ಅರ್ಜಿ ಹಾಕಿ. ಕೊಡವರಿಗೂ ಕೊಡಗಿನಲ್ಲಿ ಜಮ್ಮಾ ಎಂಬ ವಂಶಪಾರಂಪರ್ಯದ ಭೂಹಿಡುವಳಿ ಇರುವವರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರ ತನಕ ಮುಂದುವರಿಸಿದೆ. ಅದು ಆ ಜನರಿಗೆ ಸಂದ ವಿನಾಯಿತಿಯೇ ಹೊರತು ಕೋವಿಗೆ ಸಂದದ್ದಲ್ಲ. ಕೊಡಗಿನ ಮನೆಯಿಂದ ಬೇರೆಯವರು ಕೊಂಡರೆ ಅವರಿಗೆ ಪರವಾನಗಿ ಬೇಕೇ ಬೇಕು. ಅಮೆರಿಕದಲ್ಲಿರುವವರಿಗೆ ಲೆಕ್ಕ ಬೇರೆ. ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದ ಬಂದೂಕು ಪುರಾತನ ವಸ್ತು. ಹಾಗಾಗಿ ಕೋವಿಯ ಇಸವಿ ಹಿಡಿಯುವುದು ಅವರಿಗೆ ಬರೀ ಕುತೂಹಲದ ಸಂಗತಿಯಲ್ಲ.

ನಳಿಗೆ ಕಳಚಿ, ಅಡಿಮೇಲು ಮಾಡಿ

ನಳಿಗೆಯ ಕೆಳಗೆ ಎಡಗೈ ಹಿಡಿಯುವ ಮರದ ತುಂಡನ್ನು ಮೊದಲು ಬಿಡಿಸಬೇಕು. ಕೆಲವಕ್ಕೆ ಚಿಕ್ಕ ಸನ್ನೆ (ಲಿವರ್) ಇರುತ್ತದೆ, ಕೆಲವಕ್ಕೆ ಅಡ್ಡಲಾಗಿ ತೂರಿದ ಬೆಣೆ. ಬೆಣೆಯಿದ್ದರೆ ಮರದ ಸಣ್ಣ ತುಂಡಿನಿಂದ ಮೆಲ್ಲಗೆ ತಟ್ಟಿ, ಕಬ್ಬಿಣದಿಂದ ಬೇಡ. ಆಮೇಲೆ ಕೋವಿ ತೆರೆದು ನಳಿಗೆಗಳನ್ನು ಎತ್ತಿ ಬೇರೆ ಮಾಡಿ, ತಿರುಗಿಸಿ ಬಟ್ಟೆಯ ಮೇಲಿಡಿ. ಹಿಂತುದಿಯ ಅಡಿಯಲ್ಲಿ ಕೊಕ್ಕೆಗಳ ಎರಡೂ ಬದಿಗೆ ಒಂದೂವರೆ ಎರಡು ಇಂಚಿನ ಸಪಾಟಾದ ಜಾಗ ಕಾಣುತ್ತದೆ. ಮುಚ್ಚಿದ ಕೋವಿಯಲ್ಲಿ ಯಾರಿಗೂ ಕಾಣದ ಈ ಜಾಗವೇ ಅದರ ಜಾತಕ. ಎಣ್ಣೆ ಹಾಕಿ ಹತ್ತಿಯಿಂದ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಮುದ್ರೆ ಸ್ಪಷ್ಟವಾಗಲಿ ಎಂದು ಉಪ್ಪುಕಾಗದ ಹಾಕಿ ಉಜ್ಜಿದರೆ ಜಾತಕವನ್ನೇ ಅಳಿಸಿದಂತೆ.

ಇಲ್ಲಿ ಸ್ವಲ್ಪ ಚರಿತ್ರೆ ತಿಳಿದಿರಬೇಕು. ಆಸ್ಟ್ರಿಯಾ ಎಂದರೆ ಇವತ್ತಿನ ಪುಟ್ಟ ದೇಶವೇ, 1918ರ ತನಕ ಇದ್ದ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯವೇ ಎಂದು ಮೊದಲು ಕೇಳಿಕೊಳ್ಳಿ. ಸಾಮ್ರಾಜ್ಯದಲ್ಲಿ ಬಂದೂಕಿನ ನಳಿಗೆಗಳನ್ನು ಹೆಚ್ಚಿನ ಮದ್ದು ತುಂಬಿ ಹಾರಿಸಿ ಪರೀಕ್ಷಿಸುವುದನ್ನು 1891ರ ಕಾನೂನು ಕಡ್ಡಾಯ ಮಾಡಿತು. ಪರೀಕ್ಷಾ ಕಚೇರಿಗಳು ಇದ್ದದ್ದು ದಕ್ಷಿಣ ಆಸ್ಟ್ರಿಯಾದ ಬಂದೂಕು ಕಸಬಿನ ಊರಾದ ಫೆರ್ಲಾಖ್, ವಿಯೆನ್ನಾ, ಪ್ರಾಗ್, ವೈಪರ್ಟ್ ಮತ್ತು ಬುಡಾಪೆಸ್ಟ್‌ನಲ್ಲಿ. ಪ್ರಾಗ್ ಮತ್ತು ವೈಪರ್ಟ್ ಈಗ ಚೆಕ್ ಗಣರಾಜ್ಯಕ್ಕೆ ಸೇರಿವೆ, ಬುಡಾಪೆಸ್ಟ್ ಹಂಗೇರಿಯ ರಾಜಧಾನಿ. ಹಾಗಾಗಿ ಆಸ್ಟ್ರಿಯನ್ ಎಂದು ಮಾರಾಟಕ್ಕೆ ಬರುವ ಕೋವಿ ಬೊಹೀಮಿಯಾದ್ದೂ, ಅಂದರೆ ಪ್ರಾಗ್ ಸುತ್ತಲಿನ ಚೆಕ್ ಸೀಮೆಯದೂ ಆಗಿರಬಹುದು. ಅದರಿಂದ ಬೆಲೆಯೇನೂ ಇಳಿಯಬೇಕಿಲ್ಲ. ಪ್ರಾಗ್‌ನ ಲೆಬೆಡಾ, ನೊವೊಟ್ನಿ ಮನೆತನಗಳ ಕೆಲಸ ಯಾವ ವಿಯೆನ್ನಾದ ಕೆಲಸಕ್ಕೂ ಕಡಿಮೆಯದಲ್ಲ.

ಈಗಿನ ತೋಟೆಗಳಲ್ಲಿರುವ ಹೊಗೆಯಿಲ್ಲದ (ನೈಟ್ರೋ) ಮದ್ದಿನಿಂದ ಪರೀಕ್ಷೆ ಗೆದ್ದ ನಳಿಗೆಗಳ ಮೇಲೆ ಮೂರು ರೋಮನ್ ಅಕ್ಷರಗಳು ಬೀಳುತ್ತಿದ್ದವು. ಮೊದಲೆರಡು ಎನ್, ಪಿ. ಮೂರನೆಯದು ಊರಿನ ಹೆಸರಿನ ಮೊದಲ ಅಕ್ಷರ. ಎನ್‌ಪಿಎಫ್ ಎಂದಿದ್ದರೆ ಫೆರ್ಲಾಖ್, ಎನ್‌ಪಿವಿ ಎಂದಿದ್ದರೆ ವಿಯೆನ್ನಾ. ಅಡಿಯಲ್ಲಿ ಹುಡುಕಬೇಕಾದ ಮುದ್ರೆಗಳಲ್ಲಿ ಇದು ಎಲ್ಲಕ್ಕಿಂತ ಮುಖ್ಯ. ಇದಿಲ್ಲದೆ ಬರೀ ಹದ್ದು, ಕಿರೀಟ, ಗುರಾಣಿಗಳಷ್ಟೇ ಇದ್ದರೆ ಆ ನಳಿಗೆ ಹಳೆಯ ಕಾಲದ ಕರಿಮದ್ದಿಗಷ್ಟೇ ಪರೀಕ್ಷೆಯಾದದ್ದು ಎಂದೇ ತಿಳಿಯಿರಿ. ಮುದ್ರೆಯೇ ಇಲ್ಲದಿದ್ದರೆ 1891ಕ್ಕಿಂತ ಹಿಂದಿನದಿರಬಹುದು, ಯಾರೋ ಉಜ್ಜಿ ಅಳಿಸಿರಲೂಬಹುದು. ಸುತ್ತಲಿನ ಲೋಹ ತಗ್ಗಾಗಿದೆಯೇ ಎಂದು ಬೆರಳಿನಿಂದ ಸವರಿದರೆ ಗೊತ್ತಾಗುತ್ತದೆ.

ಇನ್ನೊಂದು ಗುರುತು ಸಂಗ್ರಾಹಕರಿಗೆ ಬಹಳ ಪ್ರಿಯವಾದದ್ದು. ಫೆರ್ಲಾಖ್ ಕೋವಿಗಳಲ್ಲಿ ಒಂದು ಸಂಖ್ಯೆ, ಆಮೇಲೆ ಚುಕ್ಕಿ, ಆಮೇಲೆ ಎರಡಂಕಿ ಹೀಗೆ ಕೊರೆದಿರುವುದು ಸಾಮಾನ್ಯ. ಉದಾಹರಣೆಗೆ 845.27 ಎಂದಿದ್ದರೆ ಅದು 1927ರ ಪರೀಕ್ಷಾ ದಫ್ತರದ 845ನೇ ನಮೂದು. ಇದನ್ನು ತಯಾರಕರ ಕ್ರಮಸಂಖ್ಯೆ ಎಂದು ಓದಿ ಎಂಬತ್ತನಾಲ್ಕು ಸಾವಿರದ ಐನೂರ ಇಪ್ಪತ್ತೇಳನೇ ಕೋವಿ ಎಂದು ಬರೆದಿರುವ ಮಾರಾಟ ಪಟ್ಟಿಗಳಿವೆ. ಚುಕ್ಕಿ ಸಣ್ಣದು, ಸವೆದಿರುತ್ತದೆ, ಹುಡುಕಿ ನೋಡಬೇಕು. 1938ರಲ್ಲಿ ಆಸ್ಟ್ರಿಯಾ ಜರ್ಮನಿಯ ವಶವಾದ ಮೇಲೆ, 1940ರಿಂದ ಜರ್ಮನ್ ಕಾನೂನಿನ ಮುದ್ರೆಗಳು ಬಂದವು. ಹದ್ದಿನ ಕೆಳಗೆ ಎನ್ ಅಕ್ಷರ ಕಂಡರೆ ಕೋವಿ ಆ ಕಾಲದಲ್ಲಿ ಹುಟ್ಟಿದ್ದು, ಇಲ್ಲವೇ ಹಳೆಯದೇ ಆ ಕಾಲದಲ್ಲಿ ಮರುಪರೀಕ್ಷೆಯಾದದ್ದು.

ಅಲ್ಲೇ ಬೋರ್, ಅಂದರೆ ನಳಿಗೆಯ ಒಳವ್ಯಾಸದ ಅಳತೆ ಕೂಡ ಇರುತ್ತದೆ, ಸಾಮಾನ್ಯವಾಗಿ ಒಂದು ವೃತ್ತದೊಳಗೆ. ಒಂದು ಪೌಂಡ್ ಸೀಸವನ್ನು 12 ಸಮಗುಂಡುಗಳಾಗಿ ಎರೆದರೆ ಒಂದೊಂದರ ವ್ಯಾಸ ಎಷ್ಟೋ ಅದೇ 12 ಬೋರ್, ಸುಮಾರು 18.5 ಮಿಲಿಮೀಟರ್. 16 ಬೋರ್ ಎಂದರೆ ಸುಮಾರು 16.8, 20 ಬೋರ್ ಎಂದರೆ 15.6. ಮಧ್ಯ ಯುರೋಪಿನ ಬೇಟೆಗಾರರಿಗೆ 16 ಅಚ್ಚುಮೆಚ್ಚು, ಹಾಗಾಗಿ ಆಸ್ಟ್ರಿಯಾದ ಕೋವಿ ಕೈಗೆ ಬಂದರೆ 12 ಎಂದು ಅಂದಾಜಿನ ಮೇಲೆ ಬರೆಯಬೇಡಿ. ಉಕ್ಕಿನ ಹೆಸರೂ ಅಡಿಯಲ್ಲೋ ಮೇಲಿನ ಪಟ್ಟಿಯಲ್ಲೋ ಇರಬಹುದು. ಬೋಲರ್ ಎಂದಿದ್ದರೆ ಸ್ಟಿರಿಯಾ ಪ್ರಾಂತ್ಯದ ಕಾಪ್ಫೆನ್‌ಬರ್ಗ್‌ನಲ್ಲಿ ಉಕ್ಕಿನ ಕಾರ್ಖಾನೆ ನಡೆಸುತ್ತಿದ್ದ ಕಂಪನಿ. ಬ್ಲಿಟ್ಸ್, ಆಂಟಿನಿಟ್ ಅದರ ನಳಿಗೆ ಉಕ್ಕಿನ ಬಗೆಗಳು. ಕ್ರುಪ್ ಎಂದಿದ್ದರೆ ಜರ್ಮನಿಯ ಎಸೆನ್‌ನ ಉಕ್ಕು.

ಒಂದು ನಳಿಗೆಯೊಳಗೆ ಸುರುಳಿ ಗೀರು ಇದೆಯೇ?

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಆಸ್ಟ್ರಿಯಾದ ಕುಶಲಕರ್ಮಿಗಳು ಜೋಡುನಳಿಗೆ ಕೋವಿಯಂತೆಯೇ ಕಾಣುವ ಇನ್ನೊಂದು ಬಗೆಯನ್ನು ಧಾರಾಳವಾಗಿ ಮಾಡಿದರು. ಅದರಲ್ಲಿ ಒಂದು ನಳಿಗೆ ಚರೆಗೆ, ಅಂದರೆ ಚದುರಿ ಹಾರುವ ಸಣ್ಣ ಗುಂಡುಗಳಿಗೆ, ಇನ್ನೊಂದು ರೈಫಲ್ ಗುಂಡಿಗೆ. ಎರಡೂ ರಂಧ್ರಗಳು ಒಂದೇ ಅಳತೆಯವೇ, ಒಳಗೆ ಸುರುಳಿ ಗೀರುಗಳಿವೆಯೇ, ಮೇಲಿನ ಪಟ್ಟಿಯಲ್ಲಿ ಮಡಚುವ ಗುರಿಕಂಡಿ ಇದೆಯೇ ನೋಡಿ. ಹಾಗಿದ್ದರೆ ಅದು ಬರೀ ಚರೆ ಹಾರಿಸುವ ಶಾಟ್‌ಗನ್ ಅಲ್ಲ. ಪರವಾನಗಿಯಲ್ಲೂ ಬೆಲೆಯಲ್ಲೂ ಅದರ ದಾರಿಯೇ ಬೇರೆ.

ಇಸವಿ ಹಿಡಿಯುವ ಉಳಿದ ಗುರುತುಗಳು

ಮುದ್ರೆ ಓದಲಾಗದಿದ್ದರೆ ಯಂತ್ರರಚನೆ ಸಹಾಯಕ್ಕೆ ಬರುತ್ತದೆ. ನಳಿಗೆಯ ಹಿಂತುದಿಯ ಮೇಲಂಚಿನಲ್ಲಿ ಒಂದೊಂದು ಸಣ್ಣ ಕಚ್ಚು ಇದ್ದು, ಕುದುರೆಯ ಮೂತಿ ಸಪಾಟಾಗಿದ್ದರೆ ಅದು ತೋಟೆಯಿಂದ ಹೊರಚಾಚಿದ ಕಡ್ಡಿಯನ್ನು ಹೊಡೆಯುವ ಪಿನ್‌ಫೈರ್ ಕೋವಿ. 1830ರ ದಶಕದಲ್ಲಿ ಪ್ಯಾರಿಸ್‌ನ ಲೆಫೋಷೊ ರೂಪಿಸಿದ ಪದ್ಧತಿ ಅದು. ಆಮೇಲೆ ಸೆಂಟರ್‌ಫೈರ್‌ಗೆ, ಅಂದರೆ ತೋಟೆಯ ಬುಡದ ನಡುವೆ ಸೂಜಿ ಬಡಿಯುವ ಪದ್ಧತಿಗೆ ಮಾರ್ಪಡಿಸಿದವೂ ಸಿಕ್ಕುತ್ತವೆ, ಕಚ್ಚು ಮುಚ್ಚಿದ ಗುರುತು ಉಳಿದಿರುತ್ತದೆ. ಟ್ರಿಗರ್ ಕಾವಲಿನ ಸುತ್ತ ಮಲಗಿದ ಉದ್ದ ಸನ್ನೆಯನ್ನು ಪಕ್ಕಕ್ಕೆ ತಿರುಗಿಸಿ ತೆರೆಯುವ ಬಗೆ ಇಂಗ್ಲೆಂಡಿನ ಹೆನ್ರಿ ಜೋನ್ಸ್ 1859ರಲ್ಲಿ ಪೇಟೆಂಟ್ ಪಡೆದದ್ದು. ಮುಚ್ಚಿದ ಕೋವಿ ತೆರೆದುಕೊಳ್ಳದಂತೆ ಹಿಡಿಯುವ ಅಗುಳಿಗಳಲ್ಲಿ ಇಂಗ್ಲೆಂಡಿನದೇ ಆದ ಪರ್ಡಿಯ ಅಡಿ ಅಗುಳಿ 1863ರದು, ಗ್ರೀನರ್‌ನ ಅಡ್ಡ ಅಗುಳಿ 1865ರದು. ಹೊಡೆದ ಮೇಲೆ ತಾನೇ ತುಸು ಹಿಂದೆ ಸರಿದು ನಿಲ್ಲುವ ಕುದುರೆ 1867ರ ಸ್ಟಾಂಟನ್ ಪೇಟೆಂಟ್. ಮೇಲೆ ಹೆಬ್ಬೆರಳಿನಿಂದ ತಳ್ಳುವ ಸನ್ನೆ, ಹಿಂದೆ ಸರಿಯುವ ಕುದುರೆ, ಅಡ್ಡ ಅಗುಳಿ ಮೂರೂ ಒಟ್ಟಿಗಿದ್ದರೆ ಕೋವಿ 1870ಕ್ಕಿಂತ ಈಚಿನದು ಎನ್ನಬಹುದು.

ಎಷ್ಟು ಈಚಿನದು ಎಂದು ಮಾತ್ರ ಇವು ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಕುದುರೆ ಒಳಗಡಗಿದ ಕೋವಿಗಳು ಮೇಲುಗೈ ಪಡೆದ ಮೇಲೂ ಆಸ್ಟ್ರಿಯಾದ ಬೆಟ್ಟಸೀಮೆಯ ಬೇಟೆಗಾರರು ಹೊರ ಕುದುರೆಯನ್ನೇ ಬಯಸಿದರು. ಹಳ್ಳದಿಣ್ಣೆ ಹತ್ತಿಳಿಯುವವನಿಗೆ ಕೋವಿ ಸಜ್ಜಾಗಿದೆಯೋ ಇಲ್ಲವೋ ಒಂದೇ ನೋಟಕ್ಕೆ ಕಾಣುವುದು ದೊಡ್ಡ ಸಮಾಧಾನ. ಫೆರ್ಲಾಖ್‌ನಲ್ಲಿ ಎರಡು ಮಹಾಯುದ್ಧಗಳ ನಡುವೆಯೂ ಇಂಥವು ತಯಾರಾಗುತ್ತಲೇ ಇದ್ದವು. ಕುದುರೆ ಕಂಡ ಕೂಡಲೇ ಹತ್ತೊಂಬತ್ತನೇ ಶತಮಾನ ಎಂದು ಬರೆಯುವವರ ಮಾತಿಗೆ ಹಣ ಕೊಡಬೇಡಿ.

ಹೆಸರಿನ ವಿಷಯ

ಫೆರ್ಲಾಖ್ ಇರುವುದು ಕರಿಂಥಿಯಾ ಪ್ರಾಂತ್ಯದಲ್ಲಿ, ಕ್ಲಾಗೆನ್‌ಫುರ್ಟ್‌ನ ದಕ್ಷಿಣಕ್ಕೆ, ಕಾರಾವಾಂಕೆನ್ ಬೆಟ್ಟಗಳ ಬುಡದಲ್ಲಿ. ಹದಿನಾರನೇ ಶತಮಾನದಿಂದ ಅಲ್ಲಿ ಬಂದೂಕು ಕಸಬು ನಡೆದುಬಂದಿದೆ. 1878ರಲ್ಲಿ ಸ್ಥಾಪನೆಯಾದ ಬಂದೂಕು ಶಾಲೆ ಇಂದಿಗೂ ಇದೆ. ಒಬ್ಬರು ನಳಿಗೆ, ಒಬ್ಬರು ಲಾಕ್ (ಕುದುರೆಯನ್ನು ಆಡಿಸುವ ಯಂತ್ರ), ಒಬ್ಬರು ಮರ, ಇನ್ನೊಬ್ಬರು ಕೆತ್ತನೆ ಹೀಗೆ ಹಂಚಿಕೊಂಡು ಕೆಲಸ ಮಾಡುವ ಊರು. ಅಲ್ಲಿಂದ ಹೆಸರಿಲ್ಲದೆ ಹೊರಟ ಕೋವಿಗಳ ಮೇಲೆ ವಿಯೆನ್ನಾ, ಗ್ರಾಜ್, ಬುಡಾಪೆಸ್ಟ್‌ಗಳ ಅಂಗಡಿಯವರು ತಮ್ಮ ಹೆಸರು ಕೊರೆಸಿದರು. ವಿಯೆನ್ನಾದ ಸ್ಪ್ರಿಂಗರ್, ಇನ್ಸ್‌ಬ್ರುಕ್‌ನ ಪೀಟರ್‌ಲೊಂಗೊ, ಫೆರ್ಲಾಖ್‌ನದೇ ಆದ ಫಾನ್ಸೋಯ್, ಸೋಡಿಯಾ, ವಿಂಕ್ಲರ್ ಇಂಥ ಹೆಸರುಗಳಿಗೆ ಹರಾಜಿನಲ್ಲಿ ಗೌರವವಿದೆ. ಪಟ್ಟಿಯ ಮೇಲೆ ವಿಯೆನ್ನಾದ ಹೆಸರು, ಅಡಿಯಲ್ಲಿ ಫೆರ್ಲಾಖ್ ಮುದ್ರೆ ಇದ್ದರೆ ಗಾಬರಿ ಬೇಡ, ನಕಲಿಯೂ ಅಲ್ಲ. ಆದರೆ ಪಟ್ಟಿಯ ಮೇಲೆ ವಿಯೆನ್ನಾ, ಅಡಿಯಲ್ಲಿ ಬೆಲ್ಜಿಯಂನ ಲಿಯೆಜ್ ಮುದ್ರೆ ಮಾತ್ರ ಇದ್ದರೆ ಅದು ಆಸ್ಟ್ರಿಯಾದ ಕೆಲಸವೆಂದು ಬೆಲೆ ಕೊಡುವ ಅಗತ್ಯವಿಲ್ಲ.

ನಳಿಗೆಯ ಆರೋಗ್ಯ

ಬೆಲೆ ನಿಜವಾಗಿ ತೀರ್ಮಾನವಾಗುವುದು ಇಲ್ಲಿ. ಕಳಚಿದ ನಳಿಗೆಯ ಜೋಡಿಯನ್ನು ಅಡಿಯ ಕೊಕ್ಕೆಯಿಂದ ಬೆರಳಿನಲ್ಲಿ ತೂಗುಬಿಟ್ಟು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಸದ್ದು ಉದ್ದಕ್ಕೆ ಕಂಪಿಸುತ್ತ ಹೋದರೆ ಮೇಲಿನ ಕೆಳಗಿನ ಪಟ್ಟಿಗಳ ಬೆಸುಗೆ ಗಟ್ಟಿಯಾಗಿದೆ. ದಬ್ಬೆಂದು ಸತ್ತರೆ ಎಲ್ಲೋ ಬಿಟ್ಟಿದೆ, ಒಳಗೆ ನೀರು ಸೇರಿ ತುಕ್ಕು ಹಿಡಿದಿರಬಹುದು.

ಆಮೇಲೆ ಒಳಗೆ ನೋಡಿ. ಬಿಳಿಗೋಡೆಯ ಕಡೆಗೋ ಟ್ಯೂಬ್‌ಲೈಟಿನ ಕಡೆಗೋ ಹಿಡಿದು ನಿಧಾನವಾಗಿ ತಿರುಗಿಸಿದರೆ ಒಳಗೋಡೆಯ ಮೇಲೆ ಬೆಳಕಿನ ಉಂಗುರಗಳು ಕಾಣುತ್ತವೆ. ಉಂಗುರ ಒಂದೆಡೆ ಸೊಟ್ಟಗಾದರೆ ಅಲ್ಲಿ ನೆಗ್ಗು, ಸುತ್ತಲೂ ಅಗಲವಾದ ಕಪ್ಪು ಉಂಗುರ ಕಂಡರೆ ಅಲ್ಲಿ ಉಬ್ಬು. ನೆಗ್ಗನ್ನು ನುರಿತವರು ಎತ್ತಬಲ್ಲರು. ಉಬ್ಬು ಹೆಚ್ಚು ಕೆಟ್ಟದ್ದು. ಕಪ್ಪು ಚುಕ್ಕೆಗಳು ತುಕ್ಕಿನ ಗುಳಿಗಳು. ಬಾಯಿಯ ಕಡೆ ಇದ್ದರೆ ಅಷ್ಟು ಚಿಂತೆಯಿಲ್ಲ, ಕೋಣೆಯ ಮುಂದಿನ ಕೆಲವು ಇಂಚುಗಳಲ್ಲಿ ಆಳವಾಗಿದ್ದರೆ ಆ ಕೋವಿ ಗೋಡೆಗೇ ಸರಿ. ಕನ್ನಡಿಯಂತೆ ಹೊಳೆಯುವ ಒಳಗೋಡೆ ಕಂಡರೂ ಖುಷಿಪಡುವ ಮೊದಲು ಅಳತೆ ತೆಗೆಸಿ. ಗುಳಿ ಹೋಗುವ ತನಕ ಒಳಗಿನಿಂದ ಉಜ್ಜಿದ್ದರೆ ಗೋಡೆ ತೆಳುವಾಗಿರುತ್ತದೆ. ದಪ್ಪ ಅಳೆಯುವ ಗೇಜ್ ಇರುವ ಗನ್‌ಸ್ಮಿತ್ ಬಳಿ ನಳಿಗೆಯ ಉದ್ದಕ್ಕೂ, ಸುತ್ತಲೂ ಅಳತೆ ತೆಗೆಸಿ ಬರೆಸಿಕೊಳ್ಳಿ. ಅತಿ ತೆಳುವಾದ ಜಾಗದಲ್ಲೂ 0.020 ಇಂಚು, ಅಂದರೆ ಅರ್ಧ ಮಿಲಿಮೀಟರ್ ಇರಬೇಕೆಂಬುದು ಇಂಗ್ಲೆಂಡಿನ ಗನ್‌ಸ್ಮಿತ್‌ಗಳು ಸಾಮಾನ್ಯವಾಗಿ ಇಟ್ಟುಕೊಂಡ ಅಳತೆಗೋಲು. ಈ ಅಳತೆಪಟ್ಟಿ ಇಲ್ಲದೆ ದೊಡ್ಡ ಮೊತ್ತ ಕೊಡುವುದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ನಳಿಗೆಯ ಮೈಮೇಲೆ ಅಲೆಅಲೆಯ ವಿನ್ಯಾಸ ಇದ್ದರೆ ಅದು ಡಮಾಸ್ಕಸ್. ಕಬ್ಬಿಣ ಮತ್ತು ಉಕ್ಕಿನ ಸರಳುಗಳನ್ನು ಸೇರಿಸಿ ತಿರುಚಿ, ಪಟ್ಟಿ ಮಾಡಿ, ಸಲಾಕೆಯ ಸುತ್ತ ಸುತ್ತಿ, ಕಾಯಿಸಿ ಬಡಿದು ಒಂದಾಗಿಸಿದ ನಳಿಗೆ. ವಿನ್ಯಾಸ ನಿಜವೋ ಉಕ್ಕಿನ ಮೇಲೆ ಬರಿಸಿದ್ದೋ ತಿಳಿಯಲು ಅಡಿಯ ಸಪಾಟಿನಲ್ಲಿ, ಕೊಕ್ಕೆಯ ಬುಡದಲ್ಲಿ ಹುಡುಕಿ. ನಿಜವಾದದ್ದು ಅಲ್ಲಿಯೂ ಮುಂದುವರಿಯುತ್ತದೆ. ಡಮಾಸ್ಕಸ್ ಎಲ್ಲವೂ ಅಪಾಯ ಎಂಬ ಮಾತು ಅತಿಯಾಯಿತು, ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಗೆದ್ದ ಡಮಾಸ್ಕಸ್ ನಳಿಗೆಗಳೂ ಇವೆ. ಆದರೆ ಬೆಸುಗೆಯ ಸಂದಿನಲ್ಲಿ ಒಳಗೊಳಗೇ ತುಕ್ಕು ಹರಿದಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಈಗಿನ ಮರುಪರೀಕ್ಷೆಯ ಪತ್ರ ಇಲ್ಲದಿದ್ದರೆ ಅದನ್ನು ಹಾರಿಸದೆ ಕಾಪಾಡಿಕೊಳ್ಳಿ.

ಕೋಣೆಯ ಉದ್ದವನ್ನೂ ಅಳೆಸಲೇಬೇಕು. ಹಳೆಯ ಯುರೋಪಿನ ಕೋವಿಗಳಲ್ಲಿ 65 ಮಿಲಿಮೀಟರ್ ಸಾಮಾನ್ಯ, ಈಗಿನ ತೋಟೆಗಳಲ್ಲಿ ಹೆಚ್ಚಿನವು 70. ತೋಟೆಯ ಮೇಲಿನ 70 ಎಂಬುದು ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ಉದ್ದ. ಹಾರಿಸುವ ಮೊದಲು ಬಾಯಿ ಮಡಚಿರುವುದರಿಂದ ಅದು 65ರ ಕೋಣೆಗೆ ಸಲೀಸಾಗಿ ಇಳಿಯುತ್ತದೆ, ಕೋವಿ ಮುಚ್ಚಿಯೂ ಮುಚ್ಚುತ್ತದೆ. ಹಾರಿಸಿದಾಗ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ತೋಟೆ ಹಿಡಿಸಿತು ಎಂಬುದು ಯಾವ ಪುರಾವೆಯೂ ಅಲ್ಲ. ಯಾರೋ ಕೋಣೆಯನ್ನು ಕೊರೆದು ಉದ್ದ ಮಾಡಿಸಿ ಮರುಪರೀಕ್ಷೆಗೆ ಕಳಿಸದೆ ಇದ್ದರೆ ಅದು ಇನ್ನೂ ಕೆಟ್ಟದ್ದು. ಉಕ್ಕಿನ ಚರೆಯ ತೋಟೆಯನ್ನಂತೂ ಇಂಥ ಕೋವಿಯ ಹತ್ತಿರ ತರಬೇಡಿ.

ಬಿಗಿ, ಲಾಕ್, ಮರ

ಮುಂದಿನ ಮರ ತೆಗೆದಿಟ್ಟು ನಳಿಗೆಗಳನ್ನು ಮತ್ತೆ ಜೋಡಿಸಿ, ಮುಚ್ಚಿ, ಮರದ ಹಿಡಿ ಒಂದು ಕೈಯಲ್ಲಿ, ನಳಿಗೆ ಇನ್ನೊಂದು ಕೈಯಲ್ಲಿ ಹಿಡಿದು ಅಲುಗಿಸಿ. ಕಟಕಟ ಎಂದರೆ ಸವೆದಿದೆ. ನಳಿಗೆಯ ಹಿಂಭಾಗಕ್ಕೂ ಅದು ಒರಗುವ ಉಕ್ಕಿನ ಗೋಡೆಗೂ ನಡುವೆ ಬೆಳಕು ತೂರಿದರೂ ಅದೇ ಅರ್ಥ. ಸರಿಪಡಿಸಬಹುದು, ದುಬಾರಿ.

ಕುದುರೆಗಳನ್ನು ಒಂದೊಂದಾಗಿ ಎತ್ತಿ. ಅರ್ಧಕ್ಕೂ ಪೂರ್ತಿಗೂ ನಿಂತಾಗ ಸ್ಪಷ್ಟ ಸದ್ದು ಬರಬೇಕು. ಪೂರ್ತಿ ಎತ್ತಿದ ಕುದುರೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಮುಂದೆ ಒತ್ತಿ ನೋಡಿ, ಟ್ರಿಗರ್ ಮುಟ್ಟದೆ ಜಾರಿದರೆ ಆ ಕೋವಿಯನ್ನು ರಿಪೇರಿಯಾಗುವ ತನಕ ಬಳಸಬಾರದು. ಎರಡು ಕುದುರೆಗಳ ಕೆತ್ತನೆ, ಬಾಗು, ಬಣ್ಣ ಒಂದೇ ಬಗೆಯವೇ ಎಂದೂ ಹೋಲಿಸಿ. ಒಂದು ಮುರಿದು ಬೇರೆ ಹಾಕಿಸಿದ್ದು ಸಾಮಾನ್ಯ.

ಮರದಲ್ಲಿ ನೋಡಬೇಕಾದ್ದು ಲಾಕ್ ತಟ್ಟೆಯ ಹಿಂದಿನ ಜಾಗ. ಕೂದಲೆಳೆಯಂಥ ಬಿರುಕು ಅಲ್ಲಿಂದಲೇ ಹೊರಡುತ್ತದೆ. ದಶಕಗಳ ಎಣ್ಣೆ ಕುಡಿದ ಮರ ಅಲ್ಲಿ ಕಪ್ಪಾಗಿ ಮೆತ್ತಗಾಗಿರುತ್ತದೆ. ಟ್ರಿಗರ್ ಕಾವಲು ಕೊಂಬಿನದಾಗಿದ್ದರೆ, ಬುಡದ ತಟ್ಟೆಯೂ ಕೊಂಬಿನದಾಗಿದ್ದರೆ ಒಳ್ಳೆಯ ಲಕ್ಷಣ, ಹುಳು ತಿಂದಿದೆಯೇ ನೋಡಿಕೊಳ್ಳಿ. ನಳಿಗೆ, ಆಕ್ಷನ್ (ನಳಿಗೆ ಕೂರುವ ಉಕ್ಕಿನ ಚೌಕಟ್ಟು), ಮುಂದಿನ ಮರದ ಕಬ್ಬಿಣ ಮೂರರಲ್ಲೂ ಒಂದೇ ಸಂಖ್ಯೆ ಇರಬೇಕು.

ಬೆಲೆ

ವಯಸ್ಸಿಗೆ ಬೆಲೆಯಿಲ್ಲ, ಸ್ಥಿತಿಗಿದೆ. ಮೂಲ ಬಣ್ಣ ಮಾಸಿದರೂ ಉಳಿದಿರುವುದು, ಚೂಪಾಗಿ ನಿಂತ ಕೆತ್ತನೆ, ಕತ್ತರಿಸದ ನಳಿಗೆ, ಹೊಂದುವ ಸಂಖ್ಯೆ, ಓದಲು ಬರುವ ಮುದ್ರೆ ಇವು ಬೆಲೆ ಏರಿಸುತ್ತವೆ. ನುಣ್ಣಗೆ ಉಜ್ಜಿ ಹೊಸದಾಗಿ ಕಪ್ಪು ಬಣ್ಣ ಹಾಕಿಸಿದ್ದು, ಡಮಾಸ್ಕಸ್ ವಿನ್ಯಾಸವನ್ನು ಆ ಬಣ್ಣದಡಿ ಹೂತದ್ದು, ಮೋಟುಗೊಳಿಸಿದ ನಳಿಗೆ, ಹಳೆಯ ನಳಿಗೆ ಕತ್ತರಿಸಿ ಹೊಸ ಕೊಳವೆ ತೂರಿಸಿದ್ದು ಇಳಿಸುತ್ತವೆ. ಗುಳಿಬಿದ್ದ ಸ್ಪ್ರಿಂಗರ್ ಮತ್ತು ಒಳಗೋಡೆ ಚೆನ್ನಾಗಿರುವ ಅನಾಮಧೇಯ ಫೆರ್ಲಾಖ್ 16 ಎದುರಿಗಿದ್ದರೆ ನನ್ನ ಆಯ್ಕೆ ಎರಡನೆಯದು, ಯೋಚಿಸುವುದೇ ಬೇಡ. ಹರಾಜುಗಳಲ್ಲಿ ಕೇಳಿದ ಬೆಲೆಯನ್ನಲ್ಲ, ನಿಜವಾಗಿ ಮಾರಾಟವಾದ ಬೆಲೆಯನ್ನು ಹೋಲಿಸಿ. ವಿಯೆನ್ನಾದ ಡೊರೊಥೆಯುಮ್‌ನಂಥ ಹರಾಜುಮನೆಗಳ ಹಳೆಯ ಫಲಿತಾಂಶಗಳು ಇದಕ್ಕೆ ಸಹಾಯ ಮಾಡುತ್ತವೆ. ಯುರೋಪಿನ ಬೆಲೆಯನ್ನು ರೂಪಾಯಿಗೆ ಬದಲಿಸಿ ಇಲ್ಲಿಗೆ ಹೊಂದಿಸಬೇಡಿ; ಇಲ್ಲಿ ಕೊಳ್ಳುವವರಿಗೆ ಪರವಾನಗಿ ಬೇಕು, 16ರ ತೋಟೆಯನ್ನು 12ರಷ್ಟು ಸುಲಭವಾಗಿ ಹುಡುಕಲಾಗದು.

ಉಳಿಸಿಕೊಳ್ಳುವುದು

ಮಲೆನಾಡು, ಕೊಡಗಿನ ಮಳೆಗಾಲ ಇಂಥ ಕೋವಿಗಳಿಗೆ ದೊಡ್ಡ ಶತ್ರು. ಬಟ್ಟೆಯ ಅಥವಾ ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟರೆ ಚೀಲ ಹೀರಿದ ತೇವವೇ ಸಾಕು. ಗಾಳಿಯಾಡುವ, ಬೀಗ ಹಾಕಿದ ಕಪಾಟಿನಲ್ಲಿ, ನಳಿಗೆಯ ಬಾಯಿ ಕೆಳಗಾಗಿ ನಿಲ್ಲಿಸಿದರೆ ಎಣ್ಣೆ ಮರಕ್ಕೆ ಇಳಿಯುವುದಿಲ್ಲ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ತೋಕ್‌ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡಿದ ಕೋವಿಯನ್ನು ಅಂದೇ ಸಂಜೆ ಒರೆಸಿ ತೆಳುವಾಗಿ ಎಣ್ಣೆ ಸವರಿ. ಹೂವಿನ ರಸ, ಗಂಧದ ತೇವ ನಿಂತ ಕಡೆ ತುಕ್ಕು ಬೇಗ ಹಿಡಿಯುತ್ತದೆ.

ಕೊನೆಗೆ ಅಡಿಯ ಮುದ್ರೆಗಳ ಫೋಟೋವನ್ನು ಎಡ ನಳಿಗೆ, ಬಲ ನಳಿಗೆ ಬೇರೆಬೇರೆಯಾಗಿ, ಓರೆ ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ. ಬೋರ್, ಕೋಣೆಯ ಉದ್ದ, ಗೋಡೆಯ ದಪ್ಪ, ತೂಕ, ಎಲ್ಲ ಸಂಖ್ಯೆಗಳನ್ನು ಒಂದೇ ಹಾಳೆಯಲ್ಲಿ ಬರೆದಿಡಿ. ಚುಕ್ಕಿಯ ಸಂಖ್ಯೆ ಸಿಕ್ಕಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ, ತಿಳಿದವರು ಮೊದಲು ಕೇಳುವುದು ಅದನ್ನೇ.